ಗದ್ದಲಕ್ಕೆ ಅಲ್ಲಿ ಒಳ್ಳೆಯ ಹೆಸರಿದೆ

ಬಬಲೇಶ್ವರ

ಪಾಸ್‌ಪೋರ್ಟಿನ ಫೋಟೊಗೆ ನಗಬಾರದೆಂಬ ನಿಯಮವಿದೆ. ವಿಜಯಪುರದ ಗಾಂಧಿ ಚೌಕದಲ್ಲಿ ಫೋಟೊ ತೆಗೆಯುವವನು ಅದನ್ನು ಎಲ್ಲರಿಗೂ ಎರಡೆರಡು ಸಲ ಹೇಳುತ್ತಾನೆ. ನನಗೂ ಹೇಳಿದ. ನನ್ನ ಅಕ್ಕ ನೀಲವ್ವ ಸ್ಟೂಲಿನ ಮೇಲೆ ಕೂತಾಗ ಆಕೆಯ ಮುಖ ನೋಡಿದ, ಏನೂ ಹೇಳದೆ ಗುಂಡಿ ಒತ್ತಿದ.

ಅಕ್ಕನ ಒಬ್ಬಳೇ ಮಗಳು ಸವಿತಾ ಸ್ಪೇನ್ ದೇಶದ ಮಾಲಗಾ ಎಂಬ ಊರಿನಲ್ಲಿ ತೀರಿಕೊಂಡು ಆಗ ಐದು ತಿಂಗಳಾಗಿತ್ತು. ದ್ರಾಕ್ಷಿ ಒಣಗಿಸುವ ಬಗೆಗಳ ಮೇಲೆ ಸಂಶೋಧನೆ ಮಾಡಲು ಹೋದವಳು ಎರಡು ವರ್ಷ ಅಲ್ಲಿದ್ದಳು. ಫೆಬ್ರುವರಿಯಲ್ಲಿ ಜ್ವರ ಬಂತು, ಮಿದುಳಿಗೆ ಏರಿತು, ನಾಲ್ಕನೆಯ ದಿನ ಎಲ್ಲ ಮುಗಿಯಿತು. ಪೆಟ್ಟಿಗೆಯಲ್ಲಿ ಬಂದವಳನ್ನು ಬಬಲೇಶ್ವರದ ಹೊಲದಲ್ಲಿ, ಅವಳಪ್ಪನ ಪಕ್ಕದಲ್ಲಿ ಮಣ್ಣು ಮಾಡಿದೆವು.

ಅವಳ ಜೊತೆ ಒಂದೇ ಮನೆಯಲ್ಲಿದ್ದ ಲೂಸಿಯಾ ಎಂಬ ಹುಡುಗಿ ನನಗೆ ಪತ್ರ ಬರೆದಿದ್ದಳು. ಸವಿತಾಳ ಕೋಣೆ ಇದ್ದ ಹಾಗೇ ಇದೆ, ಸೆಪ್ಟೆಂಬರ್ ಕೊನೆಗೆ ಮನೆಯ ಮಾಲೀಕರಿಗೆ ಬಿಟ್ಟುಕೊಡಬೇಕು, ಸಾಮಾನು ಕಳಿಸಲೇ ಎಂದು ಕೇಳಿದ್ದಳು. ನಾನು ವಿಜಯಪುರದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುವವಳು, ಹಾಗಾಗಿ ಪತ್ರಗಳೆಲ್ಲ ನನಗೇ ಬರುತ್ತಿದ್ದವು. ಓದಿ ಹೇಳಿದೆ.

"ಕಳಸಬ್ಯಾಡ ಅನ್ನು," ಎಂದಳು ಅಕ್ಕ. "ನಾ ಹೋಗಿ ತರತೀನಿ."

"ಅಕ್ಕಾ, ಅದು ಸೊಲ್ಲಾಪುರ ಅಲ್ಲ."

"ಗೊತ್ತೈತಿ. ಅಕಿ ಎಲ್ಲಿ ಇದ್ಳು ಅಂತ ನಾ ನೋಡಬೇಕು."

ಅಕ್ಕ ಅಲ್ಲಿಯವರೆಗೆ ನೋಡಿದ್ದ ದೂರದ ಊರು ಶ್ರೀಶೈಲ.

ಈ ಪ್ರವಾಸ ಅರ್ಥವಾಗಬೇಕಾದರೆ ಅಕ್ಕನ ಮನೆಯ ಬಗ್ಗೆ ಒಂದು ಮಾತು ಹೇಳಬೇಕು. ಸವಿತಾ ಎಂಟು ವರ್ಷದವಳಿದ್ದಾಗ ನನ್ನ ಭಾವ ತಿಕೋಟಾ ರಸ್ತೆಯಲ್ಲಿ ಮೋಟರ್ ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಬದುಕಿದರು. ಆದರೆ ಅಂದಿನಿಂದ ಯಾವ ಸಪ್ಪಳವೂ ಅವರಿಗೆ ತಡೆಯುತ್ತಿರಲಿಲ್ಲ. ಒಂದು ತಟ್ಟೆ ಬಿದ್ದರೆ ತಲೆನೋವು, ತಲೆನೋವು ಹೆಚ್ಚಾದರೆ ಫಿಟ್ಸ್. ಹನ್ನೊಂದು ವರ್ಷ ಆ ಮನೆಯಲ್ಲಿ ಪಾತ್ರೆಗಳನ್ನು ಬಟ್ಟೆಯ ಮೇಲೆ ಇಡುತ್ತಿದ್ದರು. ಹುಡುಗಿಯ ಕಾಲ್ಗೆಜ್ಜೆ ಬಿಚ್ಚಿಟ್ಟರು. ಗೆಳತಿಯರು ಬಂದರೆ ಅಕ್ಕ ಬಾಗಿಲಲ್ಲೇ ಬೆರಳು ತುಟಿಗಿಟ್ಟು, "ಗದ್ಲ ಮಾಡಬ್ಯಾಡ್ರಿ" ಅನ್ನುತ್ತಿದ್ದಳು. ಸ್ವಲ್ಪ ದಿನಕ್ಕೆ ಗೆಳತಿಯರೇ ಬರುವುದು ಬಿಟ್ಟರು. ಭಾವ ತೀರಿಕೊಂಡಾಗ ಸವಿತಾ ಕಾಲೇಜಿನಲ್ಲಿದ್ದಳು. ಅಷ್ಟೊತ್ತಿಗೆ ತಾಯಿಗೂ ಮಗಳಿಗೂ ಪಿಸುಮಾತೇ ರೂಢಿಯಾಗಿತ್ತು. ಆ ಹುಡುಗಿ ನನ್ನನ್ನು "ಚಿಗವ್ವಾ" ಎಂದು ಕರೆದರೆ ನಾನು ಎರಡನೆಯ ಸಲ ಕರೆದಾಗ ಓಗೊಡುತ್ತಿದ್ದೆ. ಮೊದಲನೆಯ ಸಲ ಕೇಳಿಸುತ್ತಲೇ ಇರಲಿಲ್ಲ.

ಮಾಲಗಾ, ವಿಮಾನ ನಿಲ್ದಾಣ

ಎರಡು ಚೀಲ ಒಯ್ದಿದ್ದೆವು. ಒಂದರಲ್ಲಿ ನಮ್ಮಿಬ್ಬರ ಬಟ್ಟೆ, ಜೋಳದ ರೊಟ್ಟಿ, ಶೇಂಗಾ ಹಿಂಡಿ, ತವರುಮನೆ ತಿಕೋಟಾದ ಒಣದ್ರಾಕ್ಷಿ. ಇನ್ನೊಂದು ಖಾಲಿ, ಸವಿತಾಳ ಸಾಮಾನು ತರಲು. ಮಾಲಗಾದಲ್ಲಿ ಸಾಮಾನು ಬರುವ ಪಟ್ಟಿ ಸುತ್ತಿ ಸುತ್ತಿ ನಿಂತಿತು. ಬಂದದ್ದು ಖಾಲಿ ಚೀಲ.

ಕಳೆದ ಸಾಮಾನಿನ ಕಿಟಕಿಯ ಮುಂದೆ ಉದ್ದ ಸಾಲಿತ್ತು. ನಮ್ಮ ಸರದಿ ಬಂದಾಗ ಅಲ್ಲಿದ್ದವನು ಎರಡೂ ಕೈ ಮೇಲೆತ್ತಿ, "ಹಲೆಯೊ, ಮೂಚೊ ಹಲೆಯೊ" ಎಂದ. ನಾನು "ಹಲೋ" ಎಂದೆ. ಅವನು ಕಂಪ್ಯೂಟರಿನಲ್ಲಿ ಏನೋ ನೋಡಿ, ತಲೆಯಾಡಿಸಿ, ಮತ್ತೆ "ಹಲೆಯೊ" ಎಂದ. ನಾನು ಮತ್ತೆ "ಹಲೋ" ಎಂದೆ.

"ಎಷ್ಟು ಸಲ ಹಲೋ ಅಂತಾನ ಅವ?" ಅಕ್ಕನಿಗೆ ಸಿಟ್ಟು ಬಂತು. "ಚೀಲ ಎಲ್ಲಿ ಅಂತ ಕೇಳ್ ಬೇ."

ಹೊರಗೆ ಕಾಯುತ್ತಿದ್ದ ಲೂಸಿಯಾ ನಾವು ಬಂದು ಹೇಳಿದ್ದನ್ನು ಕೇಳಿ ಮೊದಲ ಬಾರಿ ಸ್ವಲ್ಪ ನಕ್ಕಳು. ತೆಳ್ಳಗಿನ ಹುಡುಗಿ, ಸವಿತಾಳ ವಯಸ್ಸು, ನಮ್ಮನ್ನು ನೋಡಿದ ಕೂಡಲೇ ಅತ್ತುಬಿಟ್ಟಿದ್ದಳು. ಅವನು ಹಲೋ ಅನ್ನಲಿಲ್ಲ, ಹಲೆಯೊ ಅಂದ ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು. ರಜೆಯ ಜನ, ವಿಮಾನಗಳು ತಡ, ಎಲ್ಲ ಗೋಜಲು, ಎಲ್ಲ ಗಲಾಟೆ, ಅದಕ್ಕೆ ಹಲೆಯೊ ಅನ್ನುತ್ತಾರೆ. ಆ ಪದದ ಮೊದಲಿನ 'ಹ' ಕಂಠದ ಆಳದಿಂದ ತಿಕ್ಕಿಕೊಂಡು ಬರುತ್ತದೆ. ನಾನು ನಾಲ್ಕು ಸಲ ಅಂದು ನೋಡಿದೆ. ಅಕ್ಕ ಖಾಲಿ ಚೀಲವನ್ನು ಎದೆಗವಚಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು.

ಚೌಕದ ಮೇಲಿನ ಮನೆ

ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಕೆಳಗೆ ಒಂದು ಸಣ್ಣ ಚೌಕ. ನಡುವೆ ನಾಲ್ಕು ಕಿತ್ತಳೆ ಗಿಡ, ಸುತ್ತ ಕುರ್ಚಿ ಮೇಜು. ಸವಿತಾಳ ಕೋಣೆಯ ಬಾಲ್ಕನಿ ನೇರ ಅದರ ಮೇಲೇ ಇತ್ತು.

ನಮ್ಮ ಗಾಂಧಿ ಚೌಕದಲ್ಲಿ ಗದ್ದಲ ಕಡಿಮೆಯೇನಲ್ಲ. ಆದರೆ ಅದು ಕೆಲಸದ ಗದ್ದಲ. ಆಟೊದವನಿಗೆ ದಾರಿ ಬೇಕು, ಹಮಾಲನಿಗೆ ಜಾಗ ಬೇಕು, ಅಂಗಡಿಯವನಿಗೆ ಗಿರಾಕಿ ಬೇಕು, ಅದಕ್ಕೆ ಕೂಗುತ್ತಾರೆ. ಇಲ್ಲಿ ಯಾರಿಗೂ ಏನೂ ಬೇಕಾಗಿರಲಿಲ್ಲ. ಸಂಜೆ ಏಳಕ್ಕೆ ಮುದುಕಿಯರು ಮನೆಯಿಂದ ಮಡಚುವ ಕುರ್ಚಿ ತಂದು ಕೂತರು. ಮಕ್ಕಳು ಗೋಡೆಗೆ ಚೆಂಡು ಬಡಿದರು. ನಾಯಿಗಳು ಬೊಗಳಿದವು. ಪಕ್ಕಪಕ್ಕದಲ್ಲಿ ಕೂತವರೂ ಆಚೆ ದಂಡೆಯವರ ಜೊತೆ ಮಾತಾಡುವ ಹಾಗೆ ಮಾತಾಡಿದರು, ಅದೂ ಎಲ್ಲರೂ ಒಟ್ಟಿಗೇ. ಕೇಳುವವರು ಯಾರು ಎಂಬುದು ನನಗೆ ಕೊನೆಗೂ ತಿಳಿಯಲಿಲ್ಲ.

ಅಕ್ಕ ಬಾಲ್ಕನಿಯ ಬಾಗಿಲು ಮುಚ್ಚಿದಳು. ಅದರ ಮೇಲೆ ಮರದ ಕದವನ್ನೂ ಎಳೆದಳು. ಆದರೂ ಸದ್ದು ಬರುತ್ತಿತ್ತು. ಲೂಸಿಯಾ ಬಂದು, ನನ್ನ ಕೋಣೆ ಒಳಗಿದೆ, ಅಲ್ಲಿ ಏನೂ ಕೇಳಿಸುವುದಿಲ್ಲ, ಅಲ್ಲಿ ಮಲಗಿ ಎಂದಳು. ಆಮೇಲೆ ಹೇಳಿದಳು: ಈ ಮನೆಗೆ ಬಂದಾಗ ಅದೇ ಕೋಣೆಯನ್ನು ಸವಿಗೆ, ಅಂದರೆ ನಮ್ಮ ಸವಿತಾಳಿಗೆ, ಕೊಟ್ಟಿದ್ದರಂತೆ. ದೊಡ್ಡದು, ತಂಪು, ಓದುವವರಿಗೆ ಒಳ್ಳೆಯದು. ಅವಳು ಒಲ್ಲೆ ಎಂದಳಂತೆ. ಚೌಕದ ಮೇಲಿನ ಕೋಣೆಯೇ ಬೇಕೆಂದು ಹಟ ಹಿಡಿದಳಂತೆ. ಅವಳಿಗೆ ಹಲೆಯೊ ಇಷ್ಟ ಎಂದು ಲೂಸಿಯಾ ಸ್ಪ್ಯಾನಿಷಿನಲ್ಲೇ ಹೇಳಿದಳು.

"ಏನಂತ?" ಎಂದಳು ಅಕ್ಕ.

"ಅಕಿಗೆ ಗದ್ಲ ಸೇರತಿತ್ತಂತ."

"ಯಾರಿಗೆ?"

"ಸವಿತಾಗ."

ಅಕ್ಕ ಮಂಚದ ಮೇಲೆ ಕೂತಳು. ದಿಂಬನ್ನು ಸರಿಮಾಡಿದಳು. "ಈ ಹುಡುಗಿ ಬ್ಯಾರೆ ಯಾರ್ದೋ ಸುದ್ದಿ ಹೇಳಾಕತ್ತಾಳ," ಎಂದಳು.

ಪೆಪಾಳ ಹೋಟೆಲು

ಮರುದಿನ ಮುಂಜಾನೆ ಮನೆಯ ಕೆಳಗಿನ ಹೋಟೆಲಿಗೆ ಹೋದೆವು. ಕಾಫಿ, ತಿಂಡಿ, ಸಾರಾಯಿ ಎಲ್ಲ ಒಂದೇ ಕಟ್ಟೆಯ ಮೇಲೆ ಸಿಗುವ ಜಾಗ. ತಿಂದವರು ಕಾಗದದ ಕರವಸ್ತ್ರಗಳನ್ನು ನೆಲಕ್ಕೇ ಒಗೆಯುತ್ತಿದ್ದರು, ಯಾರೂ ಏನೂ ಅನ್ನುತ್ತಿರಲಿಲ್ಲ. ಅಕ್ಕ ಸೀರೆಯ ನಿರಿಗೆ ಎತ್ತಿಕೊಂಡು ಕೂತಳು.

ಪೆಪಾ ಅದರ ಒಡತಿ. ಅರವತ್ತರ ಮೇಲಿನ ದಪ್ಪ ಹೆಂಗಸು, ಗಂಡಸಿನ ದನಿ. ಲೂಸಿಯಾ ನಮ್ಮನ್ನು ಯಾರೆಂದು ಹೇಳುತ್ತಲೇ ಆಕೆ ಕಟ್ಟೆಯಾಚೆಯಿಂದ ಓಡಿ ಬಂದು ಅಕ್ಕನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಎರಡೂ ಕೆನ್ನೆಗೆ ಮುತ್ತಿಟ್ಟಳು. ಅಕ್ಕ ಕಂಬದ ಹಾಗೆ ನಿಂತಿದ್ದಳು. ನಮ್ಮಲ್ಲಿ ದುಃಖದವರ ಮನೆಗೆ ಹೋದರೆ ಸದ್ದಿಲ್ಲದೆ ಬಾಗಿಲ ಬಳಿ ಕೂರುತ್ತೇವೆ. ಪೆಪಾಳಿಗೆ ದುಃಖವೂ ಜೋರಾಗಿಯೇ ಬರುತ್ತಿತ್ತು.

ಮೊಟ್ಟೆ ಒಲ್ಲೆವು ಎಂದಾಗ ಸುಟ್ಟ ಬ್ರೆಡ್ಡಿನ ಮೇಲೆ ಟೊಮೆಟೊ ತಿಕ್ಕಿ, ಎಣ್ಣೆ ಹಾಕಿ ತಂದಿಟ್ಟಳು. ನಾವು ತಿನ್ನುವಾಗ ಎದುರಿಗೆ ಕೂತು ಹೇಳಿದಳು, ಲೂಸಿಯಾ ನನಗೆ, ನಾನು ಅಕ್ಕನಿಗೆ. ಸವಿತಾ ಮೊದಲ ಸಲ ಬಂದು ಕಾಫಿ ಕೇಳಿದಾಗ ಪೆಪಾಳಿಗೆ ಅವಳ ತುಟಿ ಅಲ್ಲಾಡಿದ್ದು ಕಂಡಿತಂತೆ, ದನಿ ಕೇಳಿಸಲಿಲ್ಲವಂತೆ. ಏನು, ಏನು ಎಂದು ಮೂರು ಸಲ ಕೇಳಿದಳಂತೆ. ಹುಡುಗಿಯ ಕಣ್ಣಲ್ಲಿ ನೀರು ಬಂತಂತೆ. ಆಗ ಪೆಪಾ, ನನ್ನ ಹೋಟೆಲಿನಲ್ಲಿ ಮೆಲ್ಲಗೆ ಕೇಳಿದವರಿಗೆ ಕಾಫಿ ಇಲ್ಲ ಎಂದಳಂತೆ. ಎರಡು ತಿಂಗಳಿಗೆ ಆ ಹುಡುಗಿ ಬಾಲ್ಕನಿಯಲ್ಲಿ ನಿಂತು ಮೂರನೆಯ ಮಹಡಿಯಿಂದ ಕೂಗುತ್ತಿದ್ದಳಂತೆ. ಪೆಪಾ ಎದ್ದು ನಿಂತು, ಬಾಯಿಗೆ ಎರಡೂ ಕೈ ಹಚ್ಚಿ ಅವಳ ಹಾಗೇ ಕೂಗಿ ತೋರಿಸಿದಳು: "ಪೆಪಾ! ಉನ್ ಕಫೇ!"

"ಸುಳ್ಳು," ಎಂದಳು ಅಕ್ಕ ನನ್ನ ಕಡೆ ನೋಡದೆ.

ಲೂಸಿಯಾಳಿಗೆ ಆ ಒಂದು ಪದ ತಿಳಿಯಿತೋ ಏನೋ. ಫೋನ್ ತೆಗೆದು ಒಂದು ವಿಡಿಯೊ ಹಚ್ಚಿ ಅಕ್ಕನ ಮುಂದಿಟ್ಟಳು. ಇದೇ ಹೋಟೆಲು. ಯಾರದೋ ಹುಟ್ಟುಹಬ್ಬ. ನಡುವೆ ನಮ್ಮ ಸವಿತಾ, ಹಳದಿ ಕುರ್ತಾ ಹಾಕಿಕೊಂಡು, ಚಪ್ಪಾಳೆ ಹೊಡೆಯುತ್ತ, ಯಾರಿಗೋ ಏನೋ ಕೂಗುತ್ತ, ಆಮೇಲೆ ತಲೆ ಹಿಂದೆ ಮಾಡಿ ಬಾಯಿ ಪೂರಾ ತೆರೆದು ನಗುತ್ತ. ನಗುವಿನ ಸದ್ದು ಅಷ್ಟು ಜನರ ಸದ್ದಿನ ಮೇಲೆ ಬರುತ್ತಿತ್ತು. ಇಪ್ಪತ್ತೇಳು ವರ್ಷ ಆ ಹುಡುಗಿಯನ್ನು ಕಂಡಿದ್ದ ನಾನು ಆ ನಗುವನ್ನು ಕೇಳಿರಲಿಲ್ಲ.

"ಬಂದ್ ಮಾಡು," ಎಂದಳು ಅಕ್ಕ.

ಮೆಟ್ಟಿಲು ಹತ್ತುವಾಗ ಎರಡನೆಯ ಮಹಡಿಯಲ್ಲಿ ನಿಂತಳು. ದಮ್ಮು ಹತ್ತಿದೆ ಅಂದುಕೊಂಡೆ. "ಅಕಿ ದವಡಿ ಹಲ್ಲು ನೋಡಿದೇನ?" ಎಂದಳು. "ನಾ ನೋಡೇ ಇರಲಿಲ್ಲ. ಹಡದ ತಾಯಿ."

ಆ ಮಧ್ಯಾಹ್ನ ಕೋಣೆಯಲ್ಲಿ ಪುಸ್ತಕಗಳನ್ನು ಬೇರೆ ಮಾಡುತ್ತಿದ್ದೆವು. ಲೂಸಿಯಾ ನೆನಪು ಮಾಡಿಕೊಂಡು ನನಗೊಂದು ಮಾತು ಕೇಳಿದಳು. ಪ್ರತಿ ರವಿವಾರ ಸವಿ ಲೂಸಿಯಾಳ ಒಳಗಿನ ಕೋಣೆಗೆ ಬಂದು, ಬಾಗಿಲು ಹಾಕಿ, ಕಿಟಕಿ ಹಾಕಿ, ಬಾಗಿಲ ಕೆಳಗಿನ ಸಂದಿಗೆ ಟವೆಲ್ ತುರುಕಿ ಅಮ್ಮನಿಗೆ ಫೋನ್ ಮಾಡುತ್ತಿದ್ದಳು. ಹೊರಗಿನದು ಏನೂ ಒಳಗೆ ಬರಬಾರದು. ತಾಯಿ ಮಗಳು ಅಷ್ಟು ಗುಟ್ಟಾಗಿ ಏನು ಮಾತಾಡುತ್ತಿದ್ದರು?

ಗುಟ್ಟೇನಿರಲಿಲ್ಲ. ಫೋನಿನಲ್ಲಿ ಸ್ವಲ್ಪ ಸದ್ದು ಬಂದರೂ ಅಕ್ಕ, "ಎಲ್ಲಿ ನಿಂತೀದಿ? ಏನದು ಗದ್ಲ? ಒಳಗ ಹೋಗಿ ಮಾತಾಡು" ಅನ್ನುತ್ತಿದ್ದದ್ದು ನನಗೆ ಗೊತ್ತಿತ್ತು. ಎದುರಿಗೇ ಕೂತು ಕೇಳಿದ್ದೆ.

"ಏನಂದ್ಳು?" ಎಂದಳು ಅಕ್ಕ.

"ಏನಿಲ್ಲ. ಪುಸ್ತಕ ಬಾಳ ಅದಾವ ಅಂದ್ಳು."

ದ್ರಾಕ್ಷಿಯ ಗುಡ್ಡ

ಮೂರನೆಯ ದಿನ ಬಸ್ಸಿನಲ್ಲಿ ಒಂದೂವರೆ ಗಂಟೆ ದೂರದ ಗುಡ್ಡದ ಊರಿಗೆ ಲೂಸಿಯಾ ಕರೆದುಕೊಂಡು ಹೋದಳು. ಸವಿತಾಳ ಸಂಶೋಧನೆ ನಡೆದದ್ದು ಅಲ್ಲಿ. ಇಳಿಜಾರಿನ ಹೊಲದ ಒಡೆಯ ಅಂತೋನಿಯೊ, ಬಿಸಿಲಿಗೆ ಸುಕ್ಕಾದ ಎಂಬತ್ತರ ಮುದುಕ, ನಮಗಾಗಿ ರಸ್ತೆಗೆ ಬಂದು ನಿಂತಿದ್ದ.

ತಿಕೋಟಾದಲ್ಲಿ ಹುಟ್ಟಿದವರಿಗೆ ಒಣದ್ರಾಕ್ಷಿಯ ಬಗ್ಗೆ ಯಾರೂ ಹೇಳಿಕೊಡಬೇಕಿಲ್ಲ. ನಾವು ಹಣ್ಣನ್ನು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ನೆರಳಲ್ಲಿ, ಜಾಳಿಗೆಯ ಅಟ್ಟಗಳ ಮೇಲೆ ಹರವುತ್ತೇವೆ. ಗಾಳಿಯಾಡಿ ಒಣಗಿದಾಗ ಹಸಿರು ಬಣ್ಣ ಉಳಿಯುತ್ತದೆ. ಇಲ್ಲಿ ಗೊಂಚಲು ಗೊಂಚಲೇ ಕೊಯ್ದು, ಗುಡ್ಡದ ಇಳಿಜಾರಿನಲ್ಲಿ ಮಾಡಿದ ಪಾತಿಗಳ ಮೇಲೆ ಸುಡುವ ಬಿಸಿಲಿಗೇ ಹಾಸುತ್ತಾರೆ. ಒಂದೊಂದೇ ಗೊಂಚಲನ್ನು ಕೈಯಿಂದ ಮಗ್ಗುಲು ಬದಲಿಸುತ್ತಾರೆ. ಹಣ್ಣು ಕಪ್ಪು ಕೆಂಪಾಗುತ್ತದೆ. ಹೇಸರಗತ್ತೆಗಳ ಮೇಲೆ ಹೇರಿ ತರಬೇಕಾದಷ್ಟು ಕಡಿದಾದ ಗುಡ್ಡ ಅದು.

ಅಕ್ಕ ಬಂದಾಗಿನಿಂದ ಮೊದಲ ಸಲ ತಾನಾಗಿ ಮುಂದೆ ಹೋದಳು. ಪಾತಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು ಒಂದು ಗೊಂಚಲು ಎತ್ತಿ, ಒಂದು ಹಣ್ಣನ್ನು ಎರಡು ಬೆರಳಿನಲ್ಲಿ ಹಿಚುಕಿದಳು. "ಇನ್ನಾ ಎರಡು ದಿನಾ ಬೇಕು," ಎಂದಳು ಕನ್ನಡದಲ್ಲಿ. ಮುದುಕ ತಲೆಯಾಡಿಸಿ ಎರಡು ಬೆರಳು ಎತ್ತಿ ತೋರಿಸಿದ. ಯಾರೂ ಅನುವಾದ ಮಾಡಿರಲಿಲ್ಲ.

ಅವನ ಮನೆಯ ಹೊಸ್ತಿಲಲ್ಲಿ ಹೆಂಡತಿ ಕತ್ತರಿ ಹಿಡಿದು ಗೊಂಚಲಿನಿಂದ ಒಣಹಣ್ಣುಗಳನ್ನು ಒಂದೊಂದೇ ಬಿಡಿಸುತ್ತಿದ್ದಳು. ಕತ್ತರಿಯ ಸದ್ದು ಬಿಟ್ಟರೆ ಆ ಗುಡ್ಡದಲ್ಲಿ ಏನೂ ಕೇಳುತ್ತಿರಲಿಲ್ಲ. ಎದುರಿನ ಇಳಿಜಾರಿನಲ್ಲಿ ಹಾಳುಬಿದ್ದ ಪಾತಿಗಳು ಕಂಡವು. ಅಂತೋನಿಯೊ ಆ ಕಡೆ ಕೈಮಾಡಿ, ಮೊದಲು ಇಲ್ಲೆಲ್ಲ ಎಂಥ ಹಲೆಯೊ ಇತ್ತು ಎಂದ. ಮನೆಮನೆಯವರು ಗುಡ್ಡಕ್ಕೇ ಬಂದು ಬಿಡಾರ ಮಾಡುತ್ತಿದ್ದರು, ಒಂದು ಪಾತಿಯಿಂದ ಇನ್ನೊಂದು ಪಾತಿಗೆ ಕೂಗಿ ಮಾತಾಡುತ್ತಿದ್ದರು. ಈಗ ಅವರು ಇಬ್ಬರೇ. ಕಳೆದೆರಡು ಸುಗ್ಗಿಯಲ್ಲಿ ಸವಿ ಬಂದಾಗ ಮತ್ತೆ ಸ್ವಲ್ಪ ಹಲೆಯೊ ಆಗಿತ್ತು. ಅಷ್ಟು ಹೇಳಿ ಅವನು ಟೋಪಿ ಸರಿ ಮಾಡಿಕೊಂಡ.

ನಾನು ಎರಡು ದಿನದಿಂದ ಆ ಪದಕ್ಕೊಂದು ಕನ್ನಡ ಪದ ಹುಡುಕುತ್ತಿದ್ದೆ. ಗಲಾಟೆ ಅಂದರೆ ಜಗಳ ಬಂತು. ದಾಂಧಲೆ ಅಂದರೆ ಪೊಲೀಸರು ಬಂದರು. ಗದ್ದಲ ಅಂದ ಕೂಡಲೇ ಅದರ ಹಿಂದೆ 'ಮಾಡಬೇಡ' ಬಂದು ನಿಲ್ಲುತ್ತದೆ, ನನ್ನ ಕ್ಲಾಸಿನಲ್ಲಿ ನಾನೇ ದಿನಕ್ಕೆ ಇಪ್ಪತ್ತು ಸಲ ಅನ್ನುತ್ತೇನೆ. ಸಡಗರದಲ್ಲಿ ಸದ್ದಿಲ್ಲ. ಕಲರವ ಹಕ್ಕಿಗಳದು. ಸದ್ದು ಮಾಡುವ ಜನರನ್ನು ಬೈಯದೆ ಹೇಳುವ ಒಂದು ಪದ ನನಗೆ ಸಿಗಲಿಲ್ಲ. ಅಕ್ಕನಿಗೆ ಹಾಗೇ ಹೇಳಿದೆ.

ಅಕ್ಕ ಎದುರಿನ ಗುಡ್ಡ ನೋಡುತ್ತಿದ್ದಳು. "ಅದು ಗದ್ಲ ಅಲ್ಲ ಬೇ," ಎಂದಳು. "ಮನ್ಯಾಗ ಮಂದಿ ಅದಾರ ಅನ್ನೂ ಸಪ್ಪಳ ಅದು."

ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: "ನಿನ್ನೆ ಆ ಹುಡುಗಿ ಬಾಗಲಾ ಮುಚ್ಚಿದಂಗ ಕೈ ಮಾಡಿ ಏನೋ ಅಂದ್ಳಲ್ಲ, ಪುಸ್ತಕದ ಮಾತು ಅಲ್ಲ ಅದು. ಖರೆ ಹೇಳು."

ಹೇಳಿದೆ. ಬಾಗಿಲು, ಕಿಟಕಿ, ಟವೆಲ್, ಎಲ್ಲ ಹೇಳಿದೆ. ಅಕ್ಕ ಅಂತೋನಿಯೊನ ಹೆಂಡತಿಯ ಪಕ್ಕ ಹೋಗಿ ಕೂತು, ಇನ್ನೊಂದು ಕತ್ತರಿ ತೆಗೆದುಕೊಂಡು ಬಸ್ಸಿನ ಹೊತ್ತಾಗುವ ತನಕ ಹಣ್ಣು ಬಿಡಿಸಿದಳು.

ಬಾಲ್ಕನಿ

ಚೀಲ ಇನ್ನೂ ಬಂದಿರಲಿಲ್ಲ. ನಾಲ್ಕನೆಯ ದಿನಕ್ಕೆ ಅಕ್ಕನ ಇಳಕಲ್ ಸೀರೆ ಗುಡ್ಡದ ಮಣ್ಣು, ಬೆವರು ಸೇರಿ ಉಡಲಾರದ ಹಾಗಾಗಿತ್ತು. ನಾನು ಆಗಲೇ ಲೂಸಿಯಾಳ ಗೌನಿನಲ್ಲಿದ್ದೆ. ಅಕ್ಕನಿಗೆ ಸವಿತಾಳ ಬಟ್ಟೆ ಹಾಕಿಕೋ ಎಂದರೆ ಒಲ್ಲೆ ಎಂದಳು. ಲಗ್ನವಾದಾಗಿನಿಂದ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ. ಕೊನೆಗೆ ಲೂಸಿಯಾ ಕೆಲಸಕ್ಕೆ ಹೋದಮೇಲೆ ಕಪಾಟಿನಿಂದ ಹಳದಿ ಕುರ್ತಾ ತೆಗೆದಳು. ಏಳು ತಿಂಗಳಲ್ಲಿ ಎಷ್ಟು ಇಳಿದಿದ್ದಳೆಂದರೆ ಅದು ಆಕೆಗೆ ಸರಿಯಾಗಿ ಹಿಡಿಸಿತು.

ಸೀರೆ ಒಗೆದು ಬಾಲ್ಕನಿಯಲ್ಲಿ ಹರವುತ್ತಿದ್ದಳು, ಚೌಕಕ್ಕೆ ಬೆನ್ನು ಮಾಡಿ. ನಾನು ಒಳಗೆ ಪುಸ್ತಕ ಕಟ್ಟುತ್ತಿದ್ದೆ. ಕೆಳಗಿನಿಂದ ಒಂದು ಗಂಡು ದನಿ ಬಂತು.

"ಸವೀ! ಗ್ವಾಪಾ!"

ಅಕ್ಕ ತಿರುಗಿದಳು.

ಕೆಳಗೆ ಒಂದು ತಳ್ಳುಗಾಡಿ. ಅದರ ತುಂಬ ಡಬ್ಬಗಳ್ಳಿ ಹಣ್ಣು. ನಾವು ಚಿಕ್ಕವರಿದ್ದಾಗ ತಿಕೋಟಾದ ಬೇಲಿಗಳಿಂದ ಕಿತ್ತು, ಮಣ್ಣಿಗೆ ಉಜ್ಜಿ ಮುಳ್ಳು ತೆಗೆದು, ಬಾಯಿ ಕೆಂಪು ಮಾಡಿಕೊಂಡು ತಿನ್ನುತ್ತಿದ್ದ ಹಣ್ಣು. ಆ ಊರಿನಲ್ಲಿ ಅದನ್ನು ಮಾರುವವರು ಬೇಸಿಗೆಯ ಕೊನೆಗೆ ಮಾತ್ರ ಬರುತ್ತಾರೆ. ಹೋದ ವರ್ಷ ಬಂದವನು ಈಗ ಬಂದು, ಹಳದಿ ಕುರ್ತಾ ನೋಡಿ 'ಚೆಲುವೆ' ಎಂದು ಕೂಗಿದ್ದ. ಅವನಿಗೆ ಯಾರೂ ಹೇಳಿರಲಿಲ್ಲ.

ಅವನ ಎತ್ತಿದ ಕೈ ಹಾಗೇ ನಿಂತಿತು. ಕೂಗಿದ್ದು ತಪ್ಪಾಯಿತೆಂದು ತಿಳಿದು, ನಕ್ಕು, ಮತ್ತೇನೋ ಕೇಳಿದ. ಸವಿ ಎಲ್ಲಿ ಎಂದಿರಬೇಕು. ಪೆಪಾ ಹೋಟೆಲಿನಿಂದ ಹೊರಗೆ ಬಂದು ಅವನ ತೋಳು ಹಿಡಿದು ಕಿವಿಯಲ್ಲಿ ಹೇಳಿದಳು. ಅವನು ಹುಲ್ಲಿನ ಟೋಪಿ ತೆಗೆದ. ಹತ್ತಿರದ ಮೇಜಿನವರು ತಲೆಯೆತ್ತಿ ನಮ್ಮನ್ನು ನೋಡಿದರು. ಅವರನ್ನು ನೋಡಿ ಪಕ್ಕದ ಮೇಜಿನವರು ಸುಮ್ಮನಾದರು. ಮುದುಕಿಯರು ಸುಮ್ಮನಾದರು. ನಾಲ್ಕು ದಿನದಲ್ಲಿ ಮೊದಲ ಸಲ ಆ ಚೌಕದಲ್ಲಿ ಏನೂ ಕೇಳಿಸಲಿಲ್ಲ.

ಅಕ್ಕ ಕಂಬಿ ಹಿಡಿದು ನಿಂತಿದ್ದಳು. "ಸುವರ್ಣಾ," ಎಂದು ನನ್ನ ಹೆಸರು ಹಿಡಿದು ಕರೆದಳು. "ಅವರಿಗೆ ಹೇಳು. ಸುಮ್ಮಾಗಬ್ಯಾಡ್ರಿ ಅಂತ ಹೇಳು."

ಲೂಸಿಯಾ ಇರಲಿಲ್ಲ. ನಾನು ಇಂಗ್ಲಿಷಿನಲ್ಲಿ ಕೂಗಿದೆ. ಯಾರಿಗೂ ತಿಳಿಯಲಿಲ್ಲ.

"ಹೇಳ ಬೇ!" ಅಕ್ಕನ ದನಿ ಏರಿತು. ಆ ದನಿಯನ್ನು ನಾನು ನಮ್ಮ ತವರಿನಲ್ಲಿ, ಆಕೆಯ ಲಗ್ನಕ್ಕೆ ಮೊದಲು ಕೇಳಿದ್ದೆ. "ಸುಮ್ಮಾಗಬ್ಯಾಡ್ರೀ!" ಎಂದು ತಾನೇ ಕೂಗಿದಳು. "ಮಾತಾಡ್ರೀ! ನಗ್ರೀ! ನಾ ಏನೂ ಅನ್ನಂಗಿಲ್ಲ!"

ಕೆಳಗಿನವರು ಗಾಬರಿಯಾಗಿ ನೋಡಿದರು. ನನಗೆ ಆ ಭಾಷೆಯಲ್ಲಿ ಬರುತ್ತಿದ್ದದ್ದು ಒಂದೇ ಪದ. "ಹಲೆಯೊ!" ಎಂದೆ. "ಹಲೆಯೊ, ಹಲೆಯೊ!" ಎಂದು ಕೈ ಆಡಿಸಿದೆ.

ಪೆಪಾಳಿಗೆ ತಿಳಿಯಿತು. ಅಂಗೈಯಿಂದ ಮುಖ ಒರೆಸಿಕೊಂಡು ಸುತ್ತಲಿನವರಿಗೆ ಏನೋ ಹೇಳಿದಳು. ಯಾರೋ ಕುರ್ಚಿ ಎಳೆದರು. ಒಬ್ಬ ಮುದುಕಿ ಕೆಮ್ಮಿ ಮಾತು ಶುರು ಮಾಡಿದಳು. ಸದ್ದು ಬಂತು, ಆದರೆ ಮೊದಲಿನ ಹಾಗೆ ಬರಲಿಲ್ಲ. ನಮಗೋಸ್ಕರ ಮಾಡುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು. ಅಕ್ಕ ಸೀರೆಯ ಹಸಿ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಅಲ್ಲೇ ನೆಲಕ್ಕೆ ಕೂತುಬಿಟ್ಟಳು.

ಹಣ್ಣಿನವನು ಮೂರು ಮಹಡಿ ಹತ್ತಿ ಬಂದ. ಸುಲಿದ ಹಣ್ಣುಗಳ ತಟ್ಟೆಯನ್ನು ಬಾಗಿಲಲ್ಲಿ ನನ್ನ ಕೈಗೆ ಕೊಟ್ಟು, ಒಳಗೆ ಬರದೆ, ಟೋಪಿ ಕೈಯಲ್ಲೇ ಹಿಡಿದು ಇಳಿದು ಹೋದ. ಅಕ್ಕ ಒಂದನ್ನು ಪೂರ್ತಿ ತಿಂದಳು. ಇನ್ನೊಂದು ತಿನ್ನಲಾಗಲಿಲ್ಲ.

ವಾಪಸು

ಹೊರಡುವ ದಿನ ನಮ್ಮ ಚೀಲ ಬಂತು. ರೊಟ್ಟಿಗೆ ಬೂಷ್ಟು ಹಿಡಿದಿತ್ತು. ತಿಕೋಟಾದ ದ್ರಾಕ್ಷಿಯನ್ನು ಪೆಪಾಳಿಗೆ ಕೊಟ್ಟೆವು. ಆ ಹಸಿರು ನೋಡಿ ಇದಿನ್ನೂ ಹಣ್ಣಾಗಿಲ್ಲವೇ ಎಂದು ಕೇಳಿದಳು. ಸವಿತಾಳ ಬಟ್ಟೆಗಳನ್ನು ಅಕ್ಕ ಲೂಸಿಯಾಳಿಗೇ ಬಿಟ್ಟಳು, ಕುರ್ತಾ ಸಹ. ಪುಸ್ತಕ, ಟಿಪ್ಪಣಿ, ಒಂದು ಜೊತೆ ಚಪ್ಪಲಿ ಮಾತ್ರ ತಂದೆವು.

ಮುಂಬೈಯಿಂದ ವಿಜಯಪುರದ ರೈಲಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಿದ್ದಳು. ಸೊಲ್ಲಾಪುರ ದಾಟಿ, ಬಿಳಿಜೋಳ ಬಿತ್ತಲು ಹದ ಮಾಡಿದ ಕಪ್ಪು ಹೊಲಗಳು ಶುರುವಾದಾಗ ಮಾತಾಡಿದಳು. ಎದುರಿನ ಸೀಟಿನವರು ಇಳಿದು ಹೋಗಿದ್ದರು.

"ಅಕಿ ಕಡೀ ಸಲ ಫೋನ್ ಮಾಡಿದಾಗ ಒಳಗಿನ ಖೋಲಿಯಿಂದ ಮಾಡಿರಲಿಲ್ಲ. ಬಾಲ್ಕನಿಯಿಂದ ಮಾಡಿದ್ಳು. ಹಿಂದ ಮಂದಿ ಸಪ್ಪಳ ಬರತಿತ್ತು. 'ಯವ್ವಾ, ಇದನ್ನ ಕೇಳ್ ಬೇ, ಸುಮ್ಮ ಒಂದು ನಿಮಿಷ ಕೇಳು' ಅಂದ್ಳು. ಫೋನ್ ಹೊರಗ ಹಿಡದಿದ್ಳು ಅಂತ ಕಾಣತೈತಿ."

ನಾನು ಆಕೆಯ ಕಡೆ ತಿರುಗಿ ಕೂತೆ.

"ನಾ ಏನಂದೆ ಗೊತ್ತೇನ? 'ಏನ ಹುಚ್ಚಿದ್ದೀ, ತಲಿ ಚಿಟ್ಟ ಹಿಡೀತೈತಿ, ಗದ್ಲ ನಿಂತ ಮ್ಯಾಲ ಮಾಡು' ಅಂದು ಇಟ್ಟೆ. ಮರುದಿನಾ ಜ್ವರ ಬಂತು."

"ಅಕ್ಕಾ, ನಿನಗೇನು ಗೊತ್ತಿತ್ತು..."

"ಸುಮ್ನಿರು. ಅಕಿ ಏನು ಕೇಳಸಾಕ ಹತ್ತಿದ್ಳು ಅಂತ ನೋಡಾಕ ಹೋಗಿದ್ದೆ. ನೋಡಿದೆ."

ಇಡೀ ಪ್ರವಾಸದ ಕಾರಣ ನನಗೆ ಆಗ ತಿಳಿಯಿತು. ವಿಜಯಪುರದಲ್ಲಿ ಇಳಿದಾಗ ಅಥಣಿ ರಸ್ತೆಯ ನನ್ನ ಮನೆಯಲ್ಲಿ ಎರಡು ದಿನ ಇರು ಎಂದೆ. ಒಲ್ಲೆ ಎಂದು ಪುಸ್ತಕದ ಚೀಲ ತೆಗೆದುಕೊಂಡು ಬಬಲೇಶ್ವರದ ಬಸ್ಸು ಹತ್ತಿದಳು.

ತಿಕೋಟಾ

ಅಕ್ಕ ಬದಲಾದಳೇ ಎಂದು ಈಗ ಎಲ್ಲರೂ ಕೇಳುತ್ತಾರೆ. ಇಲ್ಲ. ಆ ಮನೆ ಇದ್ದ ಹಾಗೇ ಇದೆ. ಕೆಲವು ದಿನ ರೇಡಿಯೊ ಹಚ್ಚಿ ನೋಡಿದಳಂತೆ, ಆಗಲಿಲ್ಲವಂತೆ. ಸದ್ದು ಇಷ್ಟಪಡುವುದನ್ನು ಆ ವಯಸ್ಸಿನಲ್ಲಿ ಕಲಿಯಲಾಗುವುದಿಲ್ಲ.

ಈ ಮಾರ್ಚಿನಲ್ಲಿ ತಿಕೋಟಾದಲ್ಲಿ ನಮ್ಮ ತಮ್ಮನ ಶೆಡ್ಡಿಗೆ ಹೋದಾಗ ಆಕೆ ಅಲ್ಲಿದ್ದಳು. ದ್ರಾಕ್ಷಿ ಆರಿಸುವ ಹೆಂಗಸರು ಒಂದು ಕಡೆ ಗುಂಪಾಗಿ ಕೂತಿದ್ದರು, ಅಕ್ಕ ಸ್ವಲ್ಪ ದೂರ ಬೇರೆ ಮೊರ ಇಟ್ಟುಕೊಂಡು ಕೂತಿದ್ದಳು. ನಾನು ಪಕ್ಕದಲ್ಲಿ ಕೂತು, ಒಂದು ಪತ್ರಿಕೆಯವರು ಸ್ಪೇನ್ ಪ್ರವಾಸದ ಬಗ್ಗೆ ಬರೆಯಿರಿ ಅನ್ನುತ್ತಿದ್ದಾರೆ, ಬರೆಯುವುದಿಲ್ಲ ಎಂದು ಹೇಳಿಬಿಡುತ್ತೇನೆ ಎಂದೆ.

ಅಕ್ಕ ಕೈಯ ಕೆಲಸ ನಿಲ್ಲಿಸಲಿಲ್ಲ. "ಯಾಕ? ಬರಿ," ಎಂದಳು. "ಅಕಿ ಜೋರಾಗಿ ನಗತಿದ್ಳು ಅಂತ ಬರಿ. ಬಬಲೇಶ್ವರದಾಗ ಯಾರಿಗೂ ಗೊತ್ತಿಲ್ಲ ಅದು. ಸವಿತಾ ಅಂದ್ರ ಮೂಕ ಹುಡುಗಿ ಅಂತಾರ."

"ಫೋನಿನ ಮಾತು?"

ಮೊರದಲ್ಲಿದ್ದ ಒಂದು ಕಡ್ಡಿಯನ್ನು ಎತ್ತಿ ಒಗೆದಳು. ಮತ್ತೆ ಹಣ್ಣು ಆರಿಸತೊಡಗಿದಳು. ನಾನು ಏಳಬೇಕು ಅಂದುಕೊಳ್ಳುತ್ತಿರುವಾಗ ಹೇಳಿದಳು.

"ಅದನ್ನೂ ಬರಿ. ನನ್ನ ಹೆಸರು ಹಾಕಿ ಬರಿ."